ಹುಡುಕಿದವರಿಗೆ ಮಲೆನಾಡು ಸಿಗುವುದು ಹೇಗೆ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಅಡಿಕೆ ತೋಟವೊಂದನ್ನೇ ನೆಚ್ಚಿಕೊಂಡು ಕೂರದ ಮನೆಗಳು ಈಗ ಬೇಕಾದಷ್ಟಿವೆ. ಹಳದಿ ಎಲೆ ರೋಗ ಶೃಂಗೇರಿ, ಕೊಪ್ಪ ಸೀಮೆಯ ತೋಟಗಳನ್ನು ದಶಕಗಳಿಂದ ಸೊರಗಿಸುತ್ತಿದೆ. ಈಚೆಗೆ ಎಲೆಚುಕ್ಕಿ ರೋಗವೂ ಸೇರಿಕೊಂಡಿದೆ. ಹಾಗಾಗಿ ಒಬ್ಬರು ಹಳೆಯ ಮನೆಯ ಎರಡು ಕೋಣೆ ಒಪ್ಪಮಾಡಿ ಹೋಮ್‌ಸ್ಟೇ ತೆರೆದಿದ್ದಾರೆ. ಒಬ್ಬರು ಹಾಳೆ ತಟ್ಟೆ ಒತ್ತುತ್ತಾರೆ. ಇನ್ನೊಬ್ಬರು ಕಾಳುಮೆಣಸು, ಕಾಫಿಪುಡಿ, ಜೇನು, ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಕೊರಿಯರ್‌ನಲ್ಲಿ ಕಳಿಸುತ್ತಾರೆ. ಇವರ ಗಿರಾಕಿಗಳಲ್ಲಿ ಹೆಚ್ಚಿನವರು ಊರಿನವರಲ್ಲ. ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಕೂತು ಮೊಬೈಲಿನಲ್ಲಿ ಹುಡುಕುವವರು. ಹುಡುಕಿದಾಗ ಕಣ್ಣಿಗೆ ಬೀಳದಿದ್ದರೆ ಎಷ್ಟು ಒಳ್ಳೆಯ ಜೇನಾದರೂ ಡಬ್ಬಿಯಲ್ಲೇ ಉಳಿಯುತ್ತದೆ.

ಹೀಗಾಗಿ ವೆಬ್‌ಸೈಟ್ ಮಾಡಿಸುತ್ತಾರೆ. ಅದು ತೆರೆದುಕೊಂಡ ಕೆಲವೇ ದಿನಗಳಲ್ಲಿ ಎಲ್ಲಿಂದಲೋ ಫೋನ್ ಬರುತ್ತದೆ: ನಿಮ್ಮ ಸೈಟನ್ನು ಐನೂರು ಡೈರೆಕ್ಟರಿಗಳಿಗೆ ಸೇರಿಸಿಕೊಡುತ್ತೇವೆ, ಗೂಗಲ್‌ನ ಮೊದಲ ಪುಟಕ್ಕೆ ಬರುತ್ತೀರಿ, ಇಷ್ಟು ಸಾವಿರ ಕೊಡಿ. ಕೊಡುವವರು ಇದ್ದಾರೆ, ಏಕೆಂದರೆ ಈ ಮಾತಿನಲ್ಲಿ ಒಂದು ಕಾಲದ ನಿಜ ಇದೆ. ಆ ನಿಜ ಯಾವಾಗ ಹುಟ್ಟಿತು, ಯಾವಾಗ ಕೆಟ್ಟಿತು, ಈಗ ಎಷ್ಟು ಉಳಿದಿದೆ ಎಂಬುದನ್ನು ಈ ಮೂರು ತಾಲ್ಲೂಕುಗಳ ಕಡೆಯಿಂದ ನೋಡುವುದು ಈ ಲೇಖನದ ಕೆಲಸ.

ಇಂಟರ್‌ನೆಟ್ಟಿನ ಆರಂಭದ ದಿನಗಳಲ್ಲಿ ಡೈರೆಕ್ಟರಿಯೇ ಹುಡುಕುವ ಸಾಧನವಾಗಿತ್ತು. 1994ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೆರ್ರಿ ಯಾಂಗ್, ಡೇವಿಡ್ ಫಿಲೋ ಎಂಬ ಇಬ್ಬರು ವಿದ್ಯಾರ್ಥಿಗಳು ತಮಗೆ ಹಿಡಿಸಿದ ಸೈಟುಗಳನ್ನು ವಿಷಯವಾರು ಪಟ್ಟಿಮಾಡತೊಡಗಿದರು. ಅದೇ ಯಾಹೂ ಆಯಿತು. 1998ರಲ್ಲಿ ಡಿಮಾಜ್ ಎಂದು ಹೆಸರಾದ ಓಪನ್ ಡೈರೆಕ್ಟರಿ ಹುಟ್ಟಿತು. ಅದನ್ನು ಕಟ್ಟಿದವರು ಸಂಬಳವಿಲ್ಲದ ಸಂಪಾದಕರು. ಒಬ್ಬ ಮನುಷ್ಯ ಸೈಟು ತೆರೆದು, ಓದಿ, ಇದು ಯಾವ ವಿಭಾಗಕ್ಕೆ ಸೇರಬೇಕೆಂದು ತೀರ್ಮಾನಿಸಿ, ಎರಡು ಸಾಲಿನ ವಿವರಣೆ ಬರೆಯುತ್ತಿದ್ದ. ಮುಚ್ಚುವ ಹೊತ್ತಿಗೆ ಅದರಲ್ಲಿ 38 ಲಕ್ಷಕ್ಕೂ ಹೆಚ್ಚು ಸೈಟುಗಳಿದ್ದವು, ಅದಕ್ಕಾಗಿ ದುಡಿದ ಸಂಪಾದಕರ ಲೆಕ್ಕ 90 ಸಾವಿರ ದಾಟಿತ್ತು.

ಅದೇ 1998ರಲ್ಲಿ ಗೂಗಲ್ ಬಂತು. ಒಂದು ಪುಟಕ್ಕೆ ಬೇರೆ ಎಷ್ಟು ಪುಟಗಳು ಕೊಂಡಿ ಕೊಟ್ಟಿವೆ, ಕೊಟ್ಟ ಪುಟಗಳಿಗೆ ಎಷ್ಟು ತೂಕವಿದೆ ಎಂಬುದನ್ನು ಎಣಿಸಿ ಸ್ಥಾನ ಕೊಡುವುದು ಅದರ ಕ್ರಮ. ಓದಿ ನೋಡಿದ ಸಂಪಾದಕರು ಸೇರಿಸಿದ ಪಟ್ಟಿಯ ಕೊಂಡಿಗೆ ಸಹಜವಾಗಿಯೇ ತೂಕ ಹೆಚ್ಚಿತ್ತು. ಡಿಮಾಜ್‌ನ ಪಟ್ಟಿಯನ್ನೇ ಇಟ್ಟುಕೊಂಡು ಗೂಗಲ್ ತನ್ನದೊಂದು ಡೈರೆಕ್ಟರಿಯನ್ನೂ ನಡೆಸಿತು. ಯಾಹೂ ವಾಣಿಜ್ಯ ಸೈಟುಗಳಿಂದ ವರ್ಷಕ್ಕೆ 299 ಡಾಲರ್ ಪಡೆದರೂ ಜನ ಕೊಟ್ಟರು. ಆ ಹೊತ್ತಿನಲ್ಲಿ ಡೈರೆಕ್ಟರಿಗೆ ಸೇರಿಸುವುದು ನಿಜಕ್ಕೂ ಫಲ ಕೊಡುವ ಕೆಲಸವಾಗಿತ್ತು.

ಫಲ ಇದೆ ಎಂದು ಗೊತ್ತಾದ ಮೇಲೆ ಅದರ ನಕಲುಗಳು ಎದ್ದವು. ಯಾರೂ ಓದದ, ಕೊಂಡಿ ಕೊಡುವುದಕ್ಕಾಗಿಯೇ ಇರುವ ಡೈರೆಕ್ಟರಿಗಳು ಸಾವಿರಗಟ್ಟಲೆ ಹುಟ್ಟಿದವು. ಒಂದೇ ಗುಂಡಿ ಒತ್ತಿ ನೂರಾರು ಕಡೆ ಸೇರಿಸುವ ತಂತ್ರಾಂಶಗಳೂ ಬಂದವು. 2012ರ ಏಪ್ರಿಲ್‌ನಲ್ಲಿ ಗೂಗಲ್ ಪೆಂಗ್ವಿನ್ ಎಂಬ ಬದಲಾವಣೆ ತಂದು, ಇಂಥ ಕೊಂಡಿಗಳ ಬಲದಿಂದ ಮೇಲೇರಿದ್ದ ಸೈಟುಗಳನ್ನು ಕೆಳಕ್ಕಿಳಿಸಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ, ತನಗೆ ಬಂದಿರುವ ಕೆಟ್ಟ ಕೊಂಡಿಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ ಎಂದು ಸೈಟಿನವರೇ ಗೂಗಲ್‌ಗೆ ತಿಳಿಸುವ ಸಲಕರಣೆಯನ್ನೂ ಕೊಟ್ಟಿತು. ದುಡ್ಡು ಕೊಟ್ಟು ಸೇರಿಸಿದ್ದನ್ನು ಮತ್ತೆ ದುಡ್ಡು ಕೊಟ್ಟು ತೆಗೆಸಬೇಕಾದ ಸ್ಥಿತಿ ಎಷ್ಟೋ ಜನರಿಗೆ ಬಂತು. ಗೂಗಲ್‌ನ ಡೈರೆಕ್ಟರಿ 2011ರಲ್ಲಿ, ಯಾಹೂವಿನದು 2014ರ ಕೊನೆಯಲ್ಲಿ, ಡಿಮಾಜ್ 2017ರ ಮಾರ್ಚ್‌ನಲ್ಲಿ ನಿಂತವು. ಕಳಪೆ ಡೈರೆಕ್ಟರಿಗಳ ಕೊಂಡಿಯನ್ನು ಗೂಗಲ್ ಇವತ್ತಿಗೂ ತನ್ನ ನಿಯಮಗಳಲ್ಲಿ ಹೆಸರಿಸಿ ವಂಚನೆಯ ಸಾಲಿಗೆ ಸೇರಿಸಿದೆ. ಐನೂರು ಡೈರೆಕ್ಟರಿಗಳ ಫೋನು ಮಾರುತ್ತಿರುವುದು ಈ ಸರಕನ್ನು. ಕೊಳ್ಳಬಾರದು ಎಂದು ನಾನು ಯಾವ ಅನುಮಾನವೂ ಇಲ್ಲದೆ ಹೇಳುತ್ತೇನೆ.

ಹಾಗೆಂದು ಪಟ್ಟಿಗಳ ಕಾಲವೇ ಮುಗಿಯಿತು ಎನ್ನುವಂತಿಲ್ಲ. ಊರಿಗೆ ಸಂಬಂಧಪಟ್ಟ ಹುಡುಕಾಟದಲ್ಲಿ ಲೆಕ್ಕಾಚಾರ ಬೇರೆ. ಶೃಂಗೇರಿ ಹತ್ತಿರ ಉಳಿಯಲು ಜಾಗ, ಕೊಪ್ಪದಲ್ಲಿ ಜೀಪು ಬಾಡಿಗೆ, ಬಾಳೆಹೊನ್ನೂರಿನಲ್ಲಿ ಕಾಫಿ ಗಿಡ ಎಂದು ಯಾರಾದರೂ ಹುಡುಕಿದರೆ ಮೊದಲು ಬರುವುದು ನಕ್ಷೆ, ಅದರ ಕೆಳಗೆ ಮೂರು ನಾಲ್ಕು ಹೆಸರು. ಈ ಹೆಸರುಗಳನ್ನು ಆರಿಸಲು ತಾನು ಮೂರು ಸಂಗತಿ ನೋಡುತ್ತೇನೆ ಎಂದು ಗೂಗಲ್ ಹೇಳಿಕೊಂಡಿದೆ: ಕೇಳಿದ್ದಕ್ಕೆ ಹೊಂದುತ್ತದೆಯೇ, ಎಷ್ಟು ದೂರದಲ್ಲಿದೆ, ಎಷ್ಟು ಹೆಸರುವಾಸಿ. ಹೆಸರುವಾಸಿಯನ್ನು ಅಳೆಯುವಾಗ ಬೇರೆ ಸೈಟುಗಳ ಕೊಂಡಿ, ಲೇಖನ, ಡೈರೆಕ್ಟರಿಗಳಲ್ಲಿ ಸಿಗುವ ಮಾಹಿತಿಯೂ ಗಣನೆಗೆ ಬರುತ್ತದೆ. ಇಲ್ಲಿ ಪಟ್ಟಿಯಿಂದ ಆಗುವ ಉಪಕಾರ ಹೀಗೆ: ಹೆಸರು, ವಿಳಾಸ, ಫೋನ್ ನಂಬರ್ ಈ ಮೂರೂ ನಂಬಬಹುದಾದ ನಾಲ್ಕಾರು ಕಡೆ ಒಂದೇ ರೀತಿ ಕಂಡರೆ, ಇಂಥದ್ದೊಂದು ಜಾಗ ನಿಜವಾಗಿ ಇದೆ ಎಂದು ಯಂತ್ರಕ್ಕೆ ಖಾತ್ರಿಯಾಗುತ್ತದೆ. ಒಂದೊಂದು ಕಡೆ ಒಂದೊಂದು ರೀತಿ ಇದ್ದರೆ ಅನುಮಾನ ಹುಟ್ಟುತ್ತದೆ.

ಈ ಮೂರು ತಾಲ್ಲೂಕುಗಳ ನಿಜವಾದ ಕಷ್ಟ ಇರುವುದು ಇಲ್ಲೇ.

ಕೊಪ್ಪ ಎಂಬ ಊರು ಮಂಡ್ಯದ ಮದ್ದೂರು ತಾಲ್ಲೂಕಿನಲ್ಲಿದೆ, ಕುಶಾಲನಗರದ ಪಕ್ಕದಲ್ಲಿದೆ, ಬೆಂಗಳೂರಿನ ಬೇಗೂರು ಕಡೆಯೂ ಇದೆ. ಇಂಗ್ಲಿಷ್ ಅಕ್ಷರದಲ್ಲಿ ಒಂದಕ್ಷರ ಹೆಚ್ಚಾದರೆ ಕೊಪ್ಪಳ ಜಿಲ್ಲೆಗೆ ಹೋಗಿ ಮುಟ್ಟುತ್ತದೆ. ಕೊಪ್ಪ ತಾಲ್ಲೂಕಿನ ಜಯಪುರವನ್ನು ಟೈಪ್ ಮಾಡಿದರೆ ಫೋನು ರಾಜಸ್ಥಾನದ ಜೈಪುರವನ್ನು ಮುಂದೆ ಹಿಡಿಯುತ್ತದೆ. ಶೃಂಗೇರಿಯನ್ನು ಇಂಗ್ಲಿಷಿನಲ್ಲಿ ಎಚ್ ಸೇರಿಸಿ ಬರೆಯುವವರೂ ಇದ್ದಾರೆ, ಬಿಟ್ಟು ಬರೆಯುವವರೂ ಇದ್ದಾರೆ. ನರಸಿಂಹರಾಜಪುರವನ್ನು ಪೂರ್ತಿ ಬರೆಯುವವರಿಗಿಂತ ಎನ್.ಆರ್.ಪುರ ಎನ್ನುವವರೇ ಹೆಚ್ಚು. ಚಿಕ್ಕಮಗಳೂರು ಜಿಲ್ಲೆಯ ಹೆಸರಿನ ಇಂಗ್ಲಿಷ್ ಬರಹವನ್ನು 2014ರ ನವೆಂಬರ್ 1ರಂದು ಸರ್ಕಾರ ಬದಲಿಸಿತು. ಅದಕ್ಕಿಂತ ಹಿಂದಿನ ಪಟ್ಟಿಗಳಲ್ಲಿ ಹಳೆಯ ಬರಹವೇ ಕೂತಿದೆ. ಹೀಗೆ ಒಂದೇ ಮನೆಯ ವಿಳಾಸ ಆರು ವೇಷದಲ್ಲಿ ಓಡಾಡುತ್ತಿರುತ್ತದೆ.

ವಿಳಾಸದ ಮಾತು ಇನ್ನೂ ಇದೆ. ನಗರದ ಡೈರೆಕ್ಟರಿಗಳ ಅರ್ಜಿಯಲ್ಲಿ ಮನೆ ನಂಬರ್, ಕ್ರಾಸ್, ಮುಖ್ಯರಸ್ತೆ, ಬಡಾವಣೆ ತುಂಬಲೇಬೇಕೆಂದು ಕೇಳುತ್ತಾರೆ. ಮಲೆನಾಡಿನಲ್ಲಿ ಒಂದೊಂದು ಮನೆಗೆ ಒಂದೊಂದು ಹೆಸರು. ಆ ಹೆಸರು, ಗ್ರಾಮ, ಅಂಚೆ, ತಾಲ್ಲೂಕು ಇಷ್ಟೇ ವಿಳಾಸ. ಪಕ್ಕದ ಮನೆ ಗುಡ್ಡದಾಚೆ ಇರುತ್ತದೆ. ಖಾಲಿ ಬಿಟ್ಟರೆ ಅರ್ಜಿ ಮುಂದೆ ಹೋಗುವುದಿಲ್ಲವೆಂದು ಜನ ಏನೋ ಒಂದು ತುಂಬುತ್ತಾರೆ: ಒಂದು ಕಡೆ ಬಸ್ ನಿಲ್ದಾಣದ ಹತ್ತಿರ, ಇನ್ನೊಂದು ಕಡೆ ದೇವಸ್ಥಾನದ ರಸ್ತೆ. ಪಿನ್‌ಕೋಡಿನಲ್ಲೂ ಇದೇ ಗೊಂದಲ. ಕೊಪ್ಪಕ್ಕೆ 577126, ಶೃಂಗೇರಿಗೆ 577139, ನರಸಿಂಹರಾಜಪುರಕ್ಕೆ 577134. ಆದರೆ ನರಸಿಂಹರಾಜಪುರ ತಾಲ್ಲೂಕಿಗೆ ಸೇರಿದ ಬಾಳೆಹೊನ್ನೂರಿಗೆ 577112. ಕೊಪ್ಪ ತಾಲ್ಲೂಕಿನ ಹರಿಹರಪುರ, ಜಯಪುರಗಳಿಗೂ ಬೇರೆ ಬೇರೆ ನಂಬರ್. ತಾಲ್ಲೂಕು ಕೇಂದ್ರದ ಪಿನ್‌ಕೋಡ್ ಹಾಕಿಬಿಟ್ಟರೆ ನಕ್ಷೆಯ ಗುರುತು ಹತ್ತಾರು ಕಿಲೋಮೀಟರ್ ಆಚೆ ಬೀಳಬಹುದು. ಫೋನ್ ನಂಬರಿನ ಕಥೆಯೂ ಹೀಗೆಯೇ. ಕೊಪ್ಪ, ಶೃಂಗೇರಿಯ 08265, ನರಸಿಂಹರಾಜಪುರದ 08266ರಿಂದ ಶುರುವಾಗುವ ಸ್ಥಿರ ದೂರವಾಣಿಗಳನ್ನು ಎಷ್ಟೋ ಮನೆಗಳವರು ವಾಪಸು ಮಾಡಿದ್ದಾರೆ. ಹಳೆಯ ಪಟ್ಟಿಗಳಲ್ಲಿ ಮಾತ್ರ ಆ ನಂಬರುಗಳು ಹಾಗೇ ಉಳಿದುಕೊಂಡಿವೆ.

ವಿಳಾಸದ ತೊಡಕಿಗೆ ಈಚೆಗೆ ಒಂದು ದಾರಿ ಕಾಣಿಸಿದೆ. ಅಂಚೆ ಇಲಾಖೆ ಐಐಟಿ ಹೈದರಾಬಾದ್ ಮತ್ತು ಇಸ್ರೋದ ರಾಷ್ಟ್ರೀಯ ದೂರಸಂವೇದಿ ಕೇಂದ್ರದ ಜೊತೆ ಸೇರಿ 2025ರ ಮೇ ತಿಂಗಳಲ್ಲಿ ಡಿಜಿಪಿನ್ ಎಂಬ ವ್ಯವಸ್ಥೆ ತಂದಿತು. ದೇಶವನ್ನೆಲ್ಲ ಸುಮಾರು ನಾಲ್ಕು ಮೀಟರ್ ಅಗಲ, ನಾಲ್ಕು ಮೀಟರ್ ಉದ್ದದ ಚೌಕಗಳಾಗಿ ಭಾಗ ಮಾಡಿ, ಒಂದೊಂದಕ್ಕೂ ಹತ್ತು ಅಕ್ಷರ, ಅಂಕಿಗಳ ಗುರುತು ಕೊಟ್ಟಿದ್ದಾರೆ. ಬೀದಿಯ ಹೆಸರೇ ಇಲ್ಲದ ಕಡೆ ಇದರಿಂದ ನಿಜವಾದ ಅನುಕೂಲವಿದೆ. ಗೂಗಲ್ ನಕ್ಷೆಯಲ್ಲಿ ಇದೇ ಬಗೆಯ ಪ್ಲಸ್ ಕೋಡ್ ಮೊದಲಿನಿಂದ ಇದೆ. ಎರಡನ್ನೂ ತಮ್ಮ ಸೈಟಿನಲ್ಲಿ ಬರೆದಿಟ್ಟರೆ ಕಿಗ್ಗದ ಮೇಲಿನ ಒಂಟಿ ಮನೆಗೂ ಅತಿಥಿ ದಾರಿ ತಪ್ಪದೆ ತಲುಪಬಹುದು.

ಇನ್ನು ಎಲ್ಲೆಲ್ಲಿ ಸೇರಿಸಬೇಕು ಎಂಬ ಪ್ರಶ್ನೆ. ಕೈಯಲ್ಲಿ ದುಡ್ಡಿಲ್ಲದವರು ಮೊದಲು ಮಾಡಬೇಕಾದದ್ದು ಗೂಗಲ್‌ನ ವ್ಯವಹಾರ ಪುಟ. ಮೈ ಬಿಸಿನೆಸ್ ಎಂದಿದ್ದ ಅದರ ಹೆಸರು 2021ರಿಂದ ಬಿಸಿನೆಸ್ ಪ್ರೊಫೈಲ್ ಆಗಿದೆ, ಪೂರ್ತಿ ಉಚಿತ. ಹಿಂದೆ ಅಂಚೆಯಲ್ಲಿ ಸಂಖ್ಯೆ ಬರೆದ ಕಾರ್ಡು ಕಳಿಸಿ ಖಾತ್ರಿ ಮಾಡಿಕೊಳ್ಳುತ್ತಿದ್ದರು. ಈಗ ಹಲವರಿಂದ ಜಾಗ, ಬೋರ್ಡು, ಒಳಗಿನ ಕೋಣೆ ತೋರಿಸುವ ವಿಡಿಯೊ ಕೇಳುತ್ತಾರೆ. ಮನೆಯಲ್ಲಿ ಸಿಗ್ನಲ್ ಸಿಗದವರಿಗೆ ಇದು ದೊಡ್ಡ ತೊಡಕು. ಹೆಸರಿನ ಜಾಗದಲ್ಲಿ ಬೋರ್ಡಿನಲ್ಲಿರುವ ಹೆಸರನ್ನಷ್ಟೇ ಬರೆಯಬೇಕು. ‘ಶೃಂಗೇರಿ ಹತ್ತಿರದ ಅತ್ಯುತ್ತಮ ಹೋಮ್‌ಸ್ಟೇ’ ಎಂದೆಲ್ಲ ಸೇರಿಸಿದರೆ ಪುಟವನ್ನೇ ತಡೆಹಿಡಿಯುವ ಸಾಧ್ಯತೆ ಇದೆ. ಊರಿನ ಮಧ್ಯದಲ್ಲಿ ಗುರುತು ಹಾಕಿದರೆ ಮೇಲೆ ಬರಬಹುದೆಂಬ ಆಸೆಯೂ ಬೇಡ. ಹರಿಹರಪುರದ ಮನೆಯನ್ನು ಶೃಂಗೇರಿ ಪೇಟೆಯಲ್ಲಿ ತೋರಿಸಿದರೆ ರಾತ್ರಿ ಮಕ್ಕಳುಮರಿ ಕಟ್ಟಿಕೊಂಡು ಬಂದ ಕುಟುಂಬ ಪೇಟೆಯಲ್ಲಿ ನಿಂತು ಫೋನ್ ಮಾಡಬೇಕಾಗುತ್ತದೆ, ಅವರು ಬರೆಯುವ ಒಂದು ಕಹಿ ಅಭಿಪ್ರಾಯ ವರ್ಷಗಟ್ಟಲೆ ಉಳಿಯುತ್ತದೆ.

ಗೂಗಲ್ ಒಂದನ್ನೇ ನಂಬಿ ಕೂರಬಾರದು ಎನ್ನುವುದಕ್ಕೂ ಆಧಾರವಿದೆ. ಇದೇ ವ್ಯವಹಾರ ಪುಟದಿಂದ ಪುಕ್ಕಟೆ ವೆಬ್‌ಸೈಟ್ ಮಾಡಿಕೊಳ್ಳುವ ಸೌಲಭ್ಯವನ್ನು ಗೂಗಲ್ ಕೆಲವು ವರ್ಷ ಕೊಟ್ಟಿತ್ತು. ಅವುಗಳ ವಿಳಾಸ ‘ಬಿಸಿನೆಸ್ ಡಾಟ್ ಸೈಟ್’ ಎಂದು ಮುಗಿಯುತ್ತಿತ್ತು. 2024ರ ಮಾರ್ಚ್‌ನಲ್ಲಿ ಅವನ್ನೆಲ್ಲ ನಿಲ್ಲಿಸಲಾಯಿತು. ಆ ವಿಳಾಸವನ್ನು ಕಾರ್ಡಿನಲ್ಲಿ ಅಚ್ಚು ಹಾಕಿಸಿ, ಹತ್ತು ಪಟ್ಟಿಗಳಲ್ಲಿ ಕೊಟ್ಟವರ ಶ್ರಮವೆಲ್ಲ ಹೋಯಿತು. ವರ್ಷಕ್ಕೆ ಸಾವಿರ ರೂಪಾಯಿ ಆಸುಪಾಸಿನಲ್ಲಿ ಸ್ವಂತ ಹೆಸರಿನ ಡೊಮೈನ್ ಸಿಗುತ್ತದೆ. ಪಟ್ಟಿಗಳಿಗೆಲ್ಲ ಆ ವಿಳಾಸವನ್ನೇ ಕೊಡಬೇಕು.

ಜಸ್ಟ್‌ಡಯಲ್, ಇಂಡಿಯಾಮಾರ್ಟ್ ಎರಡೂ 1996ರಲ್ಲಿ ಶುರುವಾದ ಕಂಪನಿಗಳು. ಮೊದಲನೆಯದು ಫೋನಿನಲ್ಲಿ ಕೇಳಿದವರಿಗೆ ನಂಬರ್ ಹೇಳುವ ಸೇವೆಯಾಗಿ ಬೆಳೆದದ್ದು, ಎರಡನೆಯದು ಸಗಟು ಕೊಳ್ಳುವವರನ್ನೂ ತಯಾರಕರನ್ನೂ ಮುಖಾಮುಖಿ ಮಾಡಿಸುವುದು. ಹಾಳೆ ತಟ್ಟೆ ಒತ್ತುವವರಿಗೆ, ಕಾಳುಮೆಣಸು ಚೀಲದ ಲೆಕ್ಕದಲ್ಲಿ ಮಾರುವವರಿಗೆ ಎರಡನೆಯ ಬಗೆಯ ಪಟ್ಟಿ ಉಪಯೋಗಕ್ಕೆ ಬರುತ್ತದೆ. ಎರಡು ಕೋಣೆಯ ಹೋಮ್‌ಸ್ಟೇಗೆ ಅದು ಬೇಡ. ಇಂಥ ಕಡೆಗಳಲ್ಲಿ ಉಚಿತ ನೋಂದಣಿ ಇದ್ದೇ ಇರುತ್ತದೆ, ಅಷ್ಟು ಮಾಡಿ ಸುಮ್ಮನಿರಬಹುದು. ಕೋಣೆ ಕಾಯ್ದಿರಿಸುವ ದೊಡ್ಡ ಸೈಟುಗಳು ಪ್ರತಿ ಬುಕಿಂಗ್‌ನಲ್ಲೂ ಕಮಿಷನ್ ಹಿಡಿದುಕೊಳ್ಳುತ್ತವೆ. ಅತಿಥಿ ಮೊದಲ ಸಲ ಅಲ್ಲಿಂದ ಬರಲಿ, ಎರಡನೇ ಸಲ ನೇರ ಫೋನ್ ಮಾಡಲಿ ಎಂದು ಬಯಸುವುದು ನ್ಯಾಯವೇ. ಅದಕ್ಕೆ ಹೋಮ್‌ಸ್ಟೇಯ ಸ್ವಂತ ಸೈಟು ಹುಡುಕಿದಾಗ ಸಿಗುವಂತಿರಬೇಕು.

ಸರ್ಕಾರದ ಪಟ್ಟಿಗಳನ್ನು ನಮ್ಮವರು ಅಷ್ಟಾಗಿ ಲೆಕ್ಕಕ್ಕಿಡುವುದಿಲ್ಲ. ರಾಜ್ಯ ಪ್ರವಾಸೋದ್ಯಮ ಇಲಾಖೆಯ ಹೋಮ್‌ಸ್ಟೇ ನೋಂದಣಿ, ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ನಿಧಿ ಪೋರ್ಟಲ್, ಚಿಕ್ಕಮಗಳೂರು ಜಿಲ್ಲಾಡಳಿತದ ಜಾಲತಾಣ ಇವು ಹುಡುಕು ಯಂತ್ರಗಳೂ ಜನರೂ ನಂಬುವ ಜಾಗಗಳು. ಕಾಗದಪತ್ರದ ಓಡಾಟ ಇದೆ, ನಿಜ. ಆದರೆ ಅಲ್ಲಿ ಬರುವ ಒಂದು ಹೆಸರು, ಯಾರೂ ನೋಡದ ನೂರು ಡೈರೆಕ್ಟರಿಗಳಿಗಿಂತ ಮೇಲು. ಬಿಂಗ್‌ನ ನಕ್ಷೆಗೂ ಆಪಲ್‌ನ ನಕ್ಷೆಗೂ ಬೇರೆಯಾಗಿ ಸೇರಿಸಬೇಕಾಗುತ್ತದೆ, ಎರಡೂ ಉಚಿತ. 2004ರಲ್ಲಿ ಶುರುವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಯಾರು ಬೇಕಾದರೂ ತಿದ್ದಬಹುದಾದ ನಕ್ಷೆ. ಹಳ್ಳಿಯ ಕಾಲುದಾರಿ, ಸೇತುವೆ, ಕೆರೆ, ಬಸದಿ, ದೇವಸ್ಥಾನಗಳ ಹೆಸರನ್ನು ಕನ್ನಡದಲ್ಲೇ ತುಂಬಲು ಅಲ್ಲಿ ಅವಕಾಶವಿದೆ. ನಮ್ಮ ಕಾಲೇಜು ಹುಡುಗ ಹುಡುಗಿಯರು ಕೈಹಾಕಬೇಕಾದ ಕೆಲಸ ಇದು.

ತಮ್ಮ ಸೈಟಿನ ಒಳಗೆ ಆಗಬೇಕಾದದ್ದು ಹೆಚ್ಚಿಲ್ಲ. ಸೈಟನ್ನು ಗೂಗಲ್‌ಗೆ ತಿಳಿಸಲು ಸರ್ಚ್ ಕನ್ಸೋಲ್ ಇದೆ. ಪುಟಗಳ ಪಟ್ಟಿಯಾದ ಸೈಟ್‌ಮ್ಯಾಪ್ ಅನ್ನು ಅಲ್ಲಿ ಕೊಟ್ಟರೆ ಸಾಕು, ಆ ಕೆಲಸಕ್ಕೆ ಯಾವ ದಲ್ಲಾಳಿಯೂ ಬೇಡ. ಹೆಸರು, ವಿಳಾಸ, ಫೋನನ್ನು ಯಂತ್ರ ಓದುವಂತೆ ಬರೆಯಲು 2011ರಿಂದ ಸ್ಕೀಮಾ ಎಂಬ ಒಪ್ಪಿತ ಕ್ರಮವಿದೆ. ಸೈಟು ಮಾಡುವವರನ್ನು ಕೇಳಿ ಅದನ್ನು ಹಾಕಿಸಿಕೊಳ್ಳಬೇಕು. ಇದಕ್ಕೆ ಒಂದು ಮಾತು ಸೇರಿಸುತ್ತೇನೆ: ಈ ಸೀಮೆಯ ಸೈಟುಗಳಲ್ಲಿ ಕನ್ನಡ ಕಾಣುವುದೇ ಅಪರೂಪ. ಕನ್ನಡದಲ್ಲಿ ಟೈಪ್ ಮಾಡಿ ಹುಡುಕುವವರಿದ್ದಾರೆ, ಮಾತಾಡಿ ಹುಡುಕುವವರಿದ್ದಾರೆ. ಶೃಂಗೇರಿಗೆ ಬರುವ ಭಕ್ತರಲ್ಲಿ ಉತ್ತರ ಕರ್ನಾಟಕದ, ಹಳೇ ಮೈಸೂರಿನ ಮನೆಮಂದಿ ಎಷ್ಟಿಲ್ಲ! ಅವರ ಭಾಷೆಯಲ್ಲಿ ಒಂದು ಪುಟವಾದರೂ ಇರಲಿ. ಕನ್ನಡದ ಪುಟಗಳು ಕಡಿಮೆ ಇರುವುದರಿಂದ ಅಲ್ಲಿ ಪೈಪೋಟಿಯೂ ಕಡಿಮೆ.

ಪಟ್ಟಿಯಲ್ಲಿ ತಾವಿಲ್ಲದಿದ್ದರೆ ಆ ಜಾಗದಲ್ಲಿ ಬೇರೆ ಯಾರೋ ಕೂರುತ್ತಾರೆ ಎಂಬುದು ಇನ್ನೊಂದು ಆತಂಕ. ಯಾತ್ರಾಸ್ಥಳಗಳ ವಸತಿಗೃಹ, ಹೆಲಿಕಾಪ್ಟರ್ ಸೇವೆಗಳ ಹೆಸರಿನಲ್ಲಿ ನಕಲಿ ಸೈಟು, ನಕಲಿ ನಂಬರ್ ಮಾಡಿ ಮುಂಗಡ ಹಣ ಕೀಳುವ ದಂಧೆಯ ಬಗ್ಗೆ ಕೇಂದ್ರ ಗೃಹ ಸಚಿವಾಲಯದ ಸೈಬರ್ ಅಪರಾಧ ಸಮನ್ವಯ ಕೇಂದ್ರ 2025ರ ಏಪ್ರಿಲ್‌ನಲ್ಲಿ ದೇಶಕ್ಕೆಲ್ಲ ಎಚ್ಚರಿಕೆ ಕೊಟ್ಟಿತು. ಗೂಗಲ್ ನಕ್ಷೆಯಲ್ಲಿ ಯಾರು ಬೇಕಾದರೂ ಒಂದು ಜಾಗದ ಫೋನ್ ನಂಬರ್ ತಪ್ಪಿದೆ ಎಂದು ತಿದ್ದುಪಡಿ ಸೂಚಿಸಬಹುದು. ಮಾಲೀಕರು ತಮ್ಮದೆಂದು ಹಕ್ಕು ಸ್ಥಾಪಿಸದ ಪುಟದಲ್ಲಿ ಇಂಥ ತಿದ್ದುಪಡಿ ಸುಲಭವಾಗಿ ನುಸುಳುತ್ತದೆ. ಹಾಗಾಗಿ ವ್ಯಾಪಾರದ ಆಸೆ ಇಲ್ಲದ ದೇವಸ್ಥಾನ, ಛತ್ರ, ಸಹಕಾರ ಸಂಘಗಳೂ ತಮ್ಮ ಪುಟವನ್ನು ತಮ್ಮ ಹೆಸರಿಗೆ ಮಾಡಿಕೊಳ್ಳಬೇಕು. ಮೋಸಹೋದವರು ತಡಮಾಡದೆ 1930ಕ್ಕೆ ಫೋನ್ ಮಾಡಬೇಕೆಂಬುದನ್ನು ಹೋಮ್‌ಸ್ಟೇಯವರು ತಮ್ಮ ಸೈಟಿನಲ್ಲೇ ಬರೆದರೆ ಇನ್ನೂ ಒಳ್ಳೆಯದು.

ಇಷ್ಟೆಲ್ಲ ನೋಡಿದ ಮೇಲೆ ನನಗೆ ಗಟ್ಟಿಯಾಗಿ ಅನಿಸುವುದು ಇದು: ಪಟ್ಟಿಗೆ ಬೆಲೆ ಬರುವುದು ಅದನ್ನು ಮಾಡುವವರಿಗೆ ಊರು ಗೊತ್ತಿದ್ದಾಗ. ಡಿಮಾಜ್ ಬಾಳಿದ್ದು ಓದಿ ನೋಡುವ ಸಂಪಾದಕರಿಂದ, ನಕಲಿ ಡೈರೆಕ್ಟರಿಗಳು ಬಿದ್ದದ್ದು ಯಾರೂ ನೋಡದ್ದರಿಂದ. ಈ ಸೀಮೆಯಲ್ಲೇ ಇದಕ್ಕೆ ಹಳೆಯ ಮಾದರಿಯೊಂದಿದೆ. ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕ’ದ ಆರನೇ ಸಂಪುಟ 1901ರಲ್ಲಿ ಬಂತು, ಆಗಿನ ಕಡೂರು ಜಿಲ್ಲೆಯ ಶಾಸನಗಳದ್ದು. ಕೊಪ್ಪ, ಶೃಂಗೇರಿ ಸೀಮೆಯ ಒಂದೊಂದು ಶಾಸನಕ್ಕೂ ತಾಲ್ಲೂಕುವಾರು ಸಂಖ್ಯೆ ಕೊಟ್ಟು, ಯಾವ ಊರಿನಲ್ಲಿ, ಯಾವ ಗುಡಿಯ ಹತ್ತಿರ, ಯಾವ ಹೊಲದಲ್ಲಿ ಕಲ್ಲು ನಿಂತಿದೆ ಎಂದು ಬರೆದಿದ್ದಾರೆ. ಅಲ್ಲಲ್ಲಿಗೆ ಹೋಗಿ ನೋಡಿ ಬರೆದದ್ದರಿಂದ ನೂರು ವರ್ಷ ದಾಟಿದರೂ ಸಂಶೋಧಕರು ಅದೇ ಸಂಖ್ಯೆಗಳನ್ನು ಹಿಡಿದು ಕಲ್ಲನ್ನು ಹುಡುಕುತ್ತಾರೆ.

ಈ ಮೂರು ತಾಲ್ಲೂಕುಗಳಿಗೆ ತಮ್ಮದೇ ಒಂದು ಡೈರೆಕ್ಟರಿ ಬೇಕು. ಸಹಕಾರದ ಅಭ್ಯಾಸ ಇಲ್ಲಿಗೆ ಹೊಸದಲ್ಲ. ಅಡಿಕೆ ಮಾರಾಟಕ್ಕೆ ಮ್ಯಾಮ್‌ಕೋಸ್ ಇದೆ, ಸಾಲಸೋಲಕ್ಕೆ ಊರೂರಲ್ಲಿ ಕೃಷಿ ಪತ್ತಿನ ಸಹಕಾರ ಸಂಘಗಳಿವೆ. ಬಸ್ ಕಂಪನಿ ಮುಚ್ಚಿದಾಗ ನೌಕರರೇ ಸೇರಿ 1991ರಲ್ಲಿ ಕೊಪ್ಪದಲ್ಲಿ ಸಹಕಾರ ಸಾರಿಗೆ ಕಟ್ಟಿ, ಮೂರು ದಶಕದಷ್ಟು ಕಾಲ ಮಲೆನಾಡಿನ ಮೂಲೆಮೂಲೆಗೆ ಬಸ್ ಓಡಿಸಿದರು. ಅದು 2020ರಲ್ಲಿ ನಿಂತಿತು. ಅಂಥದ್ದೊಂದು ನಿಂತಾಗ ಅದರ ವೇಳಾಪಟ್ಟಿಯನ್ನು ಇಂಟರ್‌ನೆಟ್ಟಿನಿಂದ ಅಳಿಸುವ ಜವಾಬ್ದಾರಿ ಯಾರದು? ದೂರದ ಕಂಪನಿಗೆ ಸುದ್ದಿಯೇ ಮುಟ್ಟುವುದಿಲ್ಲ. ಊರಿನವರು ನಡೆಸುವ ಪಟ್ಟಿಯಲ್ಲಾದರೆ ಮಾರನೇ ದಿನವೇ ತಿದ್ದಬಹುದು.

ಅಂಥ ಪಟ್ಟಿಗೆ ದೊಡ್ಡ ಬಂಡವಾಳ ಬೇಡ. ಗ್ರಾಮ ಪಂಚಾಯಿತಿಗೆ ಒಬ್ಬರಂತೆ ನೋಡಿಕೊಳ್ಳುವವರು, ಪ್ರತಿ ನಮೂದಿಗೂ ಖುದ್ದು ಭೇಟಿ, ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಒಂದೇ ಬಗೆಯ ಬರಹ, ವರ್ಷಕ್ಕೊಮ್ಮೆ ಪರಿಶೀಲನೆ. ಅದರಿಂದ ಪ್ರತಿ ಮನೆಯ ಸೈಟಿಗೂ ಕೊಂಡಿ ಹೋಗಲಿ. ಹೋಮ್‌ಸ್ಟೇಯವರು ತಮ್ಮ ಸೈಟಿನಲ್ಲಿ ಪಕ್ಕದೂರಿನ ಜೇನಿನವರ, ಜೀಪಿನವರ, ಉಪ್ಪಿನಕಾಯಿಯವರ ಹೆಸರು ಹಾಕಲಿ. ಸ್ಥಾನ ಏರಿಸಿಕೊಳ್ಳಲೆಂದೇ ಹಾಕುವ ಕೊಡುಕೊಳ್ಳುವಿಕೆಯ ಕೊಂಡಿ ಗೂಗಲ್‌ಗೆ ಹಿಡಿಸುವುದಿಲ್ಲ. ಬಂದ ಅತಿಥಿಗೆ ನಿಜಕ್ಕೂ ಬೇಕಾಗುವ ಕೊಂಡಿಗೆ ಆ ಭಯವಿಲ್ಲ. ಅಲ್ಲಿ ಬರೆಯಬೇಕಾದ ಸಂಗತಿಗಳೂ ಹೊರಗಿನ ಅರ್ಜಿಗಳಲ್ಲಿ ಕೇಳದಂಥವು: ಜುಲೈಯಲ್ಲಿ ತುಂಗೆ ಉಕ್ಕಿದರೆ ಯಾವ ದಾರಿ ಬಂದ್, ಸಿರಿಮನೆ ಜಲಪಾತಕ್ಕೆ ಮಳೆಯಲ್ಲಿ ಹೋಗಬಹುದೇ, ಯಾವ ಮನೆಗೆ ಕಾರು ಹೋಗದು ಜೀಪೇ ಬೇಕು, ಎಲ್ಲಿಂದ ಮುಂದೆ ಫೋನು ಸಿಗುವುದಿಲ್ಲ, ಯಾರ ಮನೆಯಲ್ಲಿ ವಯಸ್ಸಾದವರು ಮೆಟ್ಟಿಲು ಹತ್ತದೆ ಉಳಿಯಬಹುದು. ಅತಿಥಿಗಳು ಕಡಿಮೆ ಬರುವ ಆಷಾಢದ ದಿನಗಳಲ್ಲಿ ಈ ಕೆಲಸ ಶುರುಮಾಡಿದರೆ ನವರಾತ್ರಿಗೆ ಶೃಂಗೇರಿಯಲ್ಲಿ ಜನ ಸೇರುವ ಹೊತ್ತಿಗೆ ಮೊದಲ ಪಟ್ಟಿ ಸಿದ್ಧವಾಗಿರುತ್ತದೆ.